ಕಿರುಸಂದೇಶ ಸಂಕೋಚನ: 70 ಅಕ್ಷರಗಳ ಲೆಕ್ಕಾಚಾರ

ಬಾಕಿ ವಸೂಲಿಗೆಂದು ಗಿರಾಕಿಗಳಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳುಹಿಸುವ ವರ್ತಕರು, ಅದೇ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಕಳುಹಿಸುವವರಿಗಿಂತ ಹೆಚ್ಚು ಹಣ ತೆರಬೇಕಾಗುವುದುಂಟು. ಒಂದು ಎಸ್ಸೆಮ್ಮೆಸ್ಸಿನಲ್ಲಿರುವ ಸ್ಥಳ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡವನ್ನು ಸಾಮಾನ್ಯವಾಗಿ ಯೂನಿಕೋಡ್ ಪದ್ಧತಿಯಲ್ಲಿ ಅಕ್ಷರಕ್ಕೆ 16 ಬಿಟ್‌ನಂತೆ ಕಳುಹಿಸುವುದರಿಂದ 70ಕ್ಕೇ ಮುಗಿಯುತ್ತದೆ. ಅದರಲ್ಲೂ ‘ಕ್ಷ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದ ಲೆಕ್ಕದಲ್ಲಿ ಮೂರು! 71ನೆಯದು ಸೇರಿದೊಡನೆ ಸಂದೇಶ ಎರಡು ಭಾಗವಾಗಿ, ಶುಲ್ಕವೂ ಎರಡರದಾಗುತ್ತದೆ.

ಸಂದೇಶವನ್ನು ಕುಗ್ಗಿಸುವ ಮೊಬೈಲ್ ತಂತ್ರಾಂಶಗಳು ಇದಕ್ಕೆ ಪರಿಹಾರವೆಂದು ತೋರಬಹುದು. ಪದೇ ಪದೇ ಬರುವ ಅಕ್ಷರಗಳಿಗೆ ಚಿಕ್ಕ ಸಂಕೇತ, ಅಪರೂಪದವಕ್ಕೆ ಉದ್ದನೆಯದು ಎಂಬುದು ಇಂತಹ ಸಂಕೋಚನದ ಪ್ರಸಿದ್ಧ ತತ್ತ್ವ. ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ವಿಧಾನ ಇದೇ. ಆದರೆ ಅದೇ ತಂತ್ರಾಂಶ ಸ್ವೀಕರಿಸುವವರ ಫೋನಿನಲ್ಲಿಯೂ ಇರಬೇಕು. ಇಲ್ಲವಾದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳಷ್ಟೆ. ಮಾರಾಟ ಪ್ರತಿನಿಧಿ ಹಾಗೂ ಗೋದಾಮಿನ ನಡುವಣ ವ್ಯವಹಾರಕ್ಕೆ ಇದು ಒದಗೀತು. ನೂರಾರು ಗಿರಾಕಿಗಳಿಗೆ ಒಮ್ಮೆಲೇ ಕಳುಹಿಸುವ ಸಂದೇಶಕ್ಕಲ್ಲ. ಅಂತಹ ವಾಣಿಜ್ಯ ಸಂದೇಶಗಳ ಒಕ್ಕಣೆಯನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಮೊದಲೇ ನೋಂದಾಯಿಸಬೇಕಾಗುತ್ತದೆ.

ಆದ್ದರಿಂದ ನೋಂದಾಯಿಸುವ ಮುನ್ನವೇ ಒಕ್ಕಣೆಯನ್ನು ಬಿಗಿಗೊಳಿಸುವುದು ಲಾಭಕರ. ಇಂಗ್ಲಿಷ್ ಸಂದೇಶ ಕಳುಹಿಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ರೂಪಾಯಿಯ ‘₹’ ಚಿಹ್ನೆಯೊಂದನ್ನು ಸೇರಿಸಿದರೂ ಇಡೀ ಸಂದೇಶ ಯೂನಿಕೋಡಿಗೆ ಬದಲಾಗಿ 70ರ ಮಿತಿಗೆ ಇಳಿಯುತ್ತದೆ. ಚಿಹ್ನೆಯ ಬದಲು ರೂಪಾಯಿ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದರೆ 160ರ ಮಿತಿ ಉಳಿಯುತ್ತದೆ.