ಹಸು–ಎಮ್ಮೆಗಳಲ್ಲಿ ಅಂಡಾಣುವಿನ ಬೆಳವಣಿಗೆ: ಬೆಳವಣಿಗೆ ಕಾರಕಗಳ ಪಾತ್ರ

ಕರು ಹಾಕಿದ ಹಸುವು ಸಕಾಲದಲ್ಲಿ ಬೆದೆಗೆ ಬಾರದಿರುವುದು ಹೈನುಗಾರರ ಆದಾಯಕ್ಕೆ ನೇರವಾಗಿ ಧಕ್ಕೆ ತರುವ ಸಮಸ್ಯೆಯಾಗಿರುತ್ತದೆ. ಬೆದೆ ಚಕ್ರದ ಅವಧಿ ಸರಾಸರಿ 21 ದಿನಗಳಾಗಿದ್ದು, ಒಂದು ಬೆದೆ ತಪ್ಪಿದಲ್ಲಿ ಮುಂದಿನ ಬೆದೆಗಾಗಿ ಅಷ್ಟು ದಿನ ಕಾಯಬೇಕಾಗುತ್ತದೆ. ಕೃತಕ ಗರ್ಭಧಾರಣೆ ಸೇವೆ ಪಡೆಯಲಿಚ್ಛಿಸುವ ಪಶುಪಾಲಕರ ಅನುಕೂಲಕ್ಕಾಗಿ, ಬೆದೆಗೆ ಮುನ್ನ ಅಂಡಾಶಯದಲ್ಲಿ ನಡೆಯುವ ಕ್ರಿಯೆಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ಅಂಡಕೋಶಿಕೆ ಎಂದರೇನು?

ಒಂದು ಅಂಡಾಣು ಹಾಗೂ ಅದನ್ನು ಸುತ್ತುವರಿದು ಪೋಷಿಸುವ ಜೀವಕೋಶಗಳು ಸೇರಿ ಅಂಡಕೋಶಿಕೆ ಎನಿಸುತ್ತದೆ. ಹೆಣ್ಣು ಕರು ಜನಿಸುವಾಗಲೇ ಅದರ ಅಂಡಾಶಯಗಳಲ್ಲಿ ಸಾಮಾನ್ಯವಾಗಿ ಒಂದು ಲಕ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಅಂಡಕೋಶಿಕೆಗಳು ಸುಪ್ತಾವಸ್ಥೆಯಲ್ಲಿರುತ್ತವೆ. ಇವುಗಳಲ್ಲಿ ಬಹುಪಾಲು ಪೂರ್ಣವಾಗಿ ಬೆಳೆಯದೆ ನಶಿಸುತ್ತವೆ.

ಬೆಳವಣಿಗೆ ಕಾರಕಗಳ ಕಾರ್ಯ

ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಹಾರ್ಮೋನುಗಳು ರಕ್ತದ ಮೂಲಕ ಅಂಡಾಶಯವನ್ನು ತಲುಪುತ್ತವೆ. ಬೆಳವಣಿಗೆ ಕಾರಕಗಳೆಂಬ ಪ್ರೋಟೀನುಗಳು ಬಹುಮಟ್ಟಿಗೆ ಅಂಡಾಶಯದಲ್ಲಿಯೇ ಉತ್ಪತ್ತಿಯಾಗಿ ನೆರೆಯ ಜೀವಕೋಶಗಳ ಮೇಲೆ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ:

1. ಕಿಟ್ ಲೈಗ್ಯಾಂಡ್: ಪೋಷಕ ಜೀವಕೋಶಗಳಲ್ಲಿ ಉತ್ಪತ್ತಿಯಾಗಿ ಅಂಡಾಣುವಿನ ಬೆಳವಣಿಗೆಗೆ ನೆರವಾಗುತ್ತದೆ.
2. ಜಿಡಿಎಫ್-9 ಮತ್ತು ಬಿಎಂಪಿ-15: ಇವುಗಳನ್ನು ಅಂಡಾಣುವೇ ಉತ್ಪಾದಿಸುತ್ತದೆ. ಇವುಗಳ ಮೂಲಕ ಅಂಡಾಣುವು ತನ್ನ ಪೋಷಕ ಜೀವಕೋಶಗಳ ವೃದ್ಧಿಯನ್ನು ತಾನೇ ನಿಯಂತ್ರಿಸುತ್ತದೆ. ಕುರಿಗಳ ಕೆಲವು ತಳಿಗಳಲ್ಲಿ ಬಿಎಂಪಿ-15 ವಂಶವಾಹಿಯ ಒಂದು ಪ್ರತಿ ಮಾರ್ಪಾಡಾಗಿದ್ದರೆ ಅವಳಿ ಮರಿಗಳ ಸಂಭವ ಹೆಚ್ಚುತ್ತದೆ. ಎರಡೂ ಪ್ರತಿಗಳು ಮಾರ್ಪಾಡಾಗಿದ್ದರೆ ಕುರಿಯು ಬಂಜೆಯಾಗುತ್ತದೆ.
3. ವಿಇಜಿಎಫ್: ಬೆಳೆಯುತ್ತಿರುವ ಅಂಡಕೋಶಿಕೆಯ ಸುತ್ತ ರಕ್ತನಾಳಗಳನ್ನು ರೂಪಿಸುತ್ತದೆ.
4. ಐಜಿಎಫ್-1: ರಕ್ತದಲ್ಲಿರುವ ಇದರ ಬಹುಪಾಲು ಯಕೃತ್ತಿನಲ್ಲಿ ಉತ್ಪತ್ತಿಯಾಗುತ್ತದೆ. ಅಂಡಕೋಶಿಕೆಯು ಎಫ್‌ಎಸ್‌ಎಚ್ ಹಾಗೂ ಎಲ್‌ಎಚ್‌ಗಳಿಗೆ ಸೂಕ್ತವಾಗಿ ಸ್ಪಂದಿಸುವಂತೆ ಮಾಡುತ್ತದೆ.

ಹಸುವಿನ ಪ್ರತಿ ಚಕ್ರದಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಬಾರಿ ಅಂಡಕೋಶಿಕೆಗಳ ಗುಂಪು ಬೆಳೆಯತೊಡಗುತ್ತದೆ. ಪ್ರತಿ ಗುಂಪಿನಲ್ಲಿ ಒಂದು ಅಂಡಕೋಶಿಕೆ ಮಾತ್ರ ಸುಮಾರು 8 ಮಿ.ಮೀ. ಮೀರಿ ಪ್ರಬಲವಾಗುತ್ತದೆ, ಉಳಿದವು ಕ್ಷೀಣಿಸುತ್ತವೆ. ಕೊನೆಯ ಗುಂಪಿನ ಪ್ರಬಲ ಅಂಡಕೋಶಿಕೆಯಿಂದಲೇ ಅಂಡಾಣು ಬಿಡುಗಡೆಯಾಗುತ್ತದೆ.

ಆಹಾರದ ಕೊರತೆಯ ಪರಿಣಾಮ

ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಉತ್ಪಾದನೆಗೆ ಬೇಕಾದಷ್ಟು ಶಕ್ತಿಯು ತಿಂದ ಮೇವಿನಿಂದ ದೊರೆಯದೆ ಹಸುವಿನ ಮೈ ಇಳಿಯುತ್ತದೆ. ಆಗ ರಕ್ತದಲ್ಲಿ ಇನ್ಸುಲಿನ್ ಹಾಗೂ ಐಜಿಎಫ್-1 ಪ್ರಮಾಣ ಕುಸಿದು, ಎಲ್‌ಎಚ್ ಸ್ರಾವವೂ ಕುಗ್ಗುತ್ತದೆ. ಅಂಡಕೋಶಿಕೆ ಬೆಳೆದರೂ ಅಂಡಾಣು ಬಿಡುಗಡೆಯಾಗದೆ ಬೆದೆ ಮುಂದೂಡಲ್ಪಡುತ್ತದೆ. ಇಂತಹ ರಾಸುಗಳಲ್ಲಿ ಕೇವಲ ಚುಚ್ಚುಮದ್ದಿನಿಂದ ಪರಿಹಾರ ನಿರೀಕ್ಷಿಸಲಾಗದು. ಪೋಷಣೆಯ ಸುಧಾರಣೆ ಅತ್ಯಗತ್ಯ. ಅಂಡಕೋಶಿಕೆಯ ಬೆಳವಣಿಗೆಗೆ ಹಲವು ವಾರಗಳು ಬೇಕಾಗುವುದರಿಂದ, ಈ ಸುಧಾರಣೆಯ ಫಲ ಕೂಡಲೇ ಕಾಣಿಸುವುದಿಲ್ಲ.

ಪಶುಪಾಲಕರು ಗಮನಿಸಬೇಕಾದ ಅಂಶಗಳು

1. ಗರ್ಭದ ಕೊನೆಯ ತಿಂಗಳುಗಳಿಂದಲೇ ಹಸಿರು ಮೇವು, ಒಣ ಮೇವು, ಹಿಂಡಿ ಹಾಗೂ ಖನಿಜ ಮಿಶ್ರಣವನ್ನು ಸಮತೋಲನದಲ್ಲಿ ನೀಡುವುದು. ರಾಸು ತೀರಾ ಬಡಕಲಾಗಲಿ, ಅತಿಯಾಗಿ ಕೊಬ್ಬಿದ್ದಾಗಲಿ ಇರಬಾರದು.
2. ಬೆಳಿಗ್ಗೆ ಮತ್ತು ಸಂಜೆ ಬೆದೆಯ ಲಕ್ಷಣಗಳನ್ನು ಗಮನಿಸುವುದು. ಎಮ್ಮೆಗಳಲ್ಲಿ ಲಕ್ಷಣಗಳು ಮಂದವಾಗಿರುವುದರಿಂದ ಹೆಚ್ಚಿನ ನಿಗಾ ಅಗತ್ಯ.
3. ಬೆಳಿಗ್ಗೆ ಬೆದೆ ಕಂಡಲ್ಲಿ ಅದೇ ದಿನ ಸಂಜೆ, ಸಂಜೆ ಕಂಡಲ್ಲಿ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು.
4. ಕರು ಹಾಕಿ 60 ದಿನಗಳಾದರೂ ಬೆದೆ ಕಾಣದಿದ್ದಲ್ಲಿ, ಅಥವಾ ಮೂರು ಬಾರಿ ಗರ್ಭಧಾರಣೆ ಮಾಡಿಸಿಯೂ ಗರ್ಭ ಕಟ್ಟದಿದ್ದಲ್ಲಿ ಸಮೀಪದ ಪಶುವೈದ್ಯ ಸಂಸ್ಥೆಯಲ್ಲಿ ತಪಾಸಣೆ ಮಾಡಿಸುವುದು.
5. ತಪಾಸಣೆಯ ವೇಳೆ ಕರು ಹಾಕಿದ ದಿನಾಂಕ, ಹಿಂದಿನ ಗರ್ಭಧಾರಣೆಯ ದಿನಾಂಕಗಳು ಮತ್ತು ರಾಸಿನ ಕಿವಿಯೋಲೆಯ ಸಂಖ್ಯೆಯನ್ನು ತಿಳಿಸುವುದು.

ಪಶುವೈದ್ಯರ ಸಲಹೆಯಿಲ್ಲದೆ ಹಾರ್ಮೋನು ಚುಚ್ಚುಮದ್ದು ಕೊಡಿಸಬಾರದು. ಗರ್ಭ ಧರಿಸಿರುವ ರಾಸಿಗೆ ಕೆಲವು ಚುಚ್ಚುಮದ್ದುಗಳನ್ನು ನೀಡಿದಲ್ಲಿ ಗರ್ಭಪಾತವಾಗುವ ಸಂಭವವಿರುತ್ತದೆ.