ಏಕ ಕ್ಯಾಮರಾ ಮತ್ತು ಬಹು ಕ್ಯಾಮರಾ: ನಾಟಕದ ದೃಶ್ಯಪಾಠವನ್ನು ಕುರಿತ ಒಂದು ವಿಚಾರ

ನಾಟಕವನ್ನು ದೂರದರ್ಶನಕ್ಕಾಗಿ ಚಿತ್ರಿಸುವ ಕ್ರಮಗಳು ಮುಖ್ಯವಾಗಿ ಎರಡು. ಒಂದೇ ಕ್ಯಾಮರಾದಿಂದ ಬಿಡಿಬಿಡಿಯಾಗಿ ತೆಗೆದು ಅನಂತರ ಜೋಡಿಸುವುದು ಒಂದು. ಮೂರು ನಾಲ್ಕು ಕ್ಯಾಮರಾಗಳನ್ನು ಏಕಕಾಲದಲ್ಲಿ ನಡೆಸಿ, ಅವು ಕಂಡುದರಲ್ಲಿ ಬೇಕಾದುದನ್ನು ಆರಿಸಿಕೊಳ್ಳುವುದು ಇನ್ನೊಂದು. ಇದು ಯಂತ್ರಜ್ಞರ ವಿಷಯ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಆದರೆ ಇಂದು ನಾಟಕವನ್ನು ಮುದ್ರಿತ ಪುಸ್ತಕದಿಂದಲ್ಲದೆ ಚಿತ್ರಿತ ಪ್ರಯೋಗದಿಂದಲೂ ಬೋಧಿಸುವುದುಂಟು. ಹಾಗೆ ಬೋಧಿಸುವಾಗ ಆ ಪ್ರಯೋಗವೂ ಒಂದು ಪಾಠವೇ ಆಗುವುದರಿಂದ, ಅದು ಸಿದ್ಧವಾದ ಬಗೆಯನ್ನು ವಿಚಾರಿಸುವುದು ಅವಶ್ಯಕ.

ಜನಪದ ಗೀತೆಯಿಂದ ಪ್ರಸಿದ್ಧವಾದ ಕುಣಿಗಲ್ ಕೆರೆಯ ಏರಿಯ ಮೇಲೆ ಇಬ್ಬರು ಸಂಭಾಷಿಸುವ ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಏಕ ಕ್ಯಾಮರಾ ಕ್ರಮದಲ್ಲಿ ಮೊದಲು ಇಬ್ಬರನ್ನೂ ಒಟ್ಟಿಗೆ ತೆಗೆಯುವರು. ಬಳಿಕ ಒಬ್ಬನ ಮುಖವನ್ನು. ಅನಂತರ ಕ್ಯಾಮರಾವನ್ನು ಆಚೆಗೆ ಸರಿಸಿ ಮತ್ತೊಬ್ಬನ ಮುಖವನ್ನು. ನಟರು ಅದೇ ಮಾತನ್ನು ಮರಳಿ ಮರಳಿ ಆಡಬೇಕು. ಪ್ರತಿಯೊಂದು ಕೋನಕ್ಕೂ ತಕ್ಕ ಬೆಳಕನ್ನು ಅಳವಡಿಸಬಹುದೆಂಬುದು ಇದರ ಗುಣ. ಅಷ್ಟರಲ್ಲಿ ಬಿಸಿಲು ಜಾರಿ ನೆರಳು ಬದಲಾಗುವುದು, ಎತ್ತಿದ ಕೈ ಮುಂದಿನ ಶಾಟಿನಲ್ಲಿ ಇಳಿದಿರುವುದು, ಇವು ಇದರ ತೊಡಕುಗಳು. ತೆರೆಯ ಮೇಲೆ ಅಖಂಡವಾಗಿ ತೋರುವ ಸಂಭಾಷಣೆಯು ವಸ್ತುತಃ ಸಂಕಲನಕಾರನು ಕೂಡಿಸಿದುದು.

ಬಹು ಕ್ಯಾಮರಾ ಕ್ರಮದಲ್ಲಿ ಅಭಿನಯವು ತಡೆಯಿಲ್ಲದೆ ಸಾಗುವುದು. ಅಮೆರಿಕೆಯಲ್ಲಿ ೧೯೫೧ರಲ್ಲಿ ಆರಂಭವಾದ 'ಐ ಲವ್ ಲೂಸಿ' ಎಂಬ ಹಾಸ್ಯಮಾಲೆಯನ್ನು ಪ್ರೇಕ್ಷಕರ ಸಮ್ಮುಖದಲ್ಲಿಯೇ ಮೂರು ಫಿಲ್ಮ್ ಕ್ಯಾಮರಾಗಳಿಂದ ಚಿತ್ರಿಸಿದರು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡನು ಎಲ್ಲ ಕೋನಗಳಿಗೂ ಒಪ್ಪುವಂತೆ ಬೆಳಕನ್ನು ಸಮನಾಗಿ ಹರಡಿದನು. ಇಂಥಲ್ಲಿ ನೆರಳುಬೆಳಕಿನ ಸೂಕ್ಷ್ಮತೆ ಕುಂದಿದರೂ, ನಟನಿಗೂ ಪ್ರೇಕ್ಷಕನಿಗೂ ಇರುವ ಸಂಬಂಧವು ಉಳಿಯುವುದು.

ಈ ಸಂಬಂಧದ ಬೆಲೆಯನ್ನರಿಯಲು ತುಮಕೂರು ಸೀಮೆಯವರು ದೂರ ಹೋಗಬೇಕಾದುದಿಲ್ಲ. ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನಲ್ಲೆಲ್ಲಾ ಪ್ರಖ್ಯಾತಗೊಳಿಸಿದ ಗುಬ್ಬಿ ವೀರಣ್ಣನವರು (೧೮೯೧–೧೯೭೨) 'ಸದಾರಮೆ'ಯ ಕಳ್ಳನ ಪಾತ್ರದಿಂದ ಹೆಸರಾದವರು. ಕಂಪನಿ ನಾಟಕದ ಹಾಸ್ಯನಟನು ಸಭೆಯ ನಗುವನ್ನು ನೋಡಿಕೊಂಡು ಮಾತನ್ನು ಬೆಳೆಸುವನು, ಇಲ್ಲವೆ ಮೊಟಕುಗೊಳಿಸುವನು. ಮುದ್ರಿತ ಪುಸ್ತಕದಲ್ಲಿಲ್ಲದ ಈ ಅಂಶವೇ ಪ್ರಯೋಗದ ಜೀವ. ೧೯೩೫ರಲ್ಲಿ 'ಸದಾರಮೆ'ಯು ಚಲನಚಿತ್ರವೂ ಆಯಿತು. ಆದರೆ ಚಿತ್ರೀಕರಣದಲ್ಲಿ ನಟನ ಮುಂದಿರುವುದು ಯಂತ್ರವೇ ಹೊರತು ಸಭೆಯಲ್ಲ. ಆದಕಾರಣ ಇಂಥ ನಾಟಕಗಳಿಗೆ ಬಹು ಕ್ಯಾಮರಾ ಕ್ರಮವೇ ಹೆಚ್ಚು ಉಚಿತವೆಂದು ತೋರುವುದು.

ಆದರೂ ಇದನ್ನು ಪೂರ್ಣಪಾಠವೆಂದು ಭ್ರಮಿಸಲಾಗದು. ನಿರ್ದೇಶಕನು ಆಯಾ ಕ್ಷಣದಲ್ಲಿ ಒಂದು ಕ್ಯಾಮರಾದ ಚಿತ್ರವನ್ನು ಆರಿಸುವನು. ಆರಿಸಿದುದನ್ನು ಮಾತ್ರ ಮುದ್ರಿಸಿಕೊಂಡರೆ ಉಳಿದುವು ಅಲ್ಲಿಗೆ ನಷ್ಟವಾಗುವುವು. ಕಳ್ಳನ ಮುಖವು ತೆರೆಯನ್ನು ತುಂಬಿರುವಾಗ ಸದಾರಮೆಯು ಏನು ಮಾಡುತ್ತಿದ್ದಳೆಂಬುದು ಮುಂದಿನವರಿಗೆ ತಿಳಿಯದು. ಓಲೆಯ ಪ್ರತಿಗಳನ್ನು ಪರಿಶೋಧಿಸುವ ಸಂಪಾದಕನು ತಾನು ಸ್ವೀಕರಿಸದ ಪಾಠಾಂತರಗಳನ್ನು ಪುಟದ ಕೆಳಗೆ ಕೊಡುವನಲ್ಲದೆ ಪ್ರತಿಗಳನ್ನು ಸುಡುವುದಿಲ್ಲ. ದೃಶ್ಯಪಾಠಕ್ಕೂ ಇದೇ ನ್ಯಾಯ ಸಲ್ಲಬೇಕು.

ಆದ್ದರಿಂದ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗಲಿ ಬೇರೆಲ್ಲಿಯೇ ಆಗಲಿ ನಾಟಕವನ್ನು ಚಿತ್ರಿಸುವವರು ಎರಡು ನಿಯಮಗಳನ್ನು ಪಾಲಿಸುವುದು ಲೇಸು. ಒಂದು ಕ್ಯಾಮರಾ ರಂಗವನ್ನೆಲ್ಲ ಆದ್ಯಂತವಾಗಿ, ಕದಲದೆ ನೋಡುತ್ತಿರಬೇಕು. ಪ್ರತಿಯೊಂದು ಕ್ಯಾಮರಾದ ಚಿತ್ರವನ್ನೂ ಪ್ರತ್ಯೇಕವಾಗಿ ರಕ್ಷಿಸಬೇಕು. ಅಧ್ಯಾಪಕರು ಸಹ, ವಿದ್ಯಾರ್ಥಿಗಳಿಗೆ ನಾಟಕವನ್ನು ತೋರಿಸುವ ಮುನ್ನ, ಅದು ಯಾವ ಕ್ರಮದಿಂದ ಚಿತ್ರಿತವಾದುದೆಂದು ತಿಳಿಸುವುದು ಯುಕ್ತ. ಕಂಡುದು ನಾಟಕವೋ, ನಾಟಕದಿಂದ ಆಯ್ದುದೋ ಎಂಬ ವಿವೇಕ ಅಲ್ಲಿಂದ ಮೊದಲಾಗುವುದು.