ಪ್ರಯೋಗಶಾಲೆಯ ಅವಸರವೂ ಗುತ್ತಿಗೆಯ ಕೆಲಸಗಾರನೂ

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ರೇಖೀಯ ವೇಗವರ್ಧಕ ಕೇಂದ್ರವು ಅಮೆರಿಕಾ ಸರ್ಕಾರದ ಹಣದಿಂದ ನಡೆಯತಕ್ಕ ಸಂಸ್ಥೆ. 2004ನೆಯ ಅಕ್ಟೋಬರ್ 11ರಂದು ಅಲ್ಲಿ 480 ವೋಲ್ಟಿನ ಫಲಕಕ್ಕೆ ಸರ್ಕ್ಯೂಟ್ ಬ್ರೇಕರನ್ನು ಜೋಡಿಸುತ್ತಿದ್ದ ಒಳಗುತ್ತಿಗೆಯ ಕೆಲಸಗಾರನೊಬ್ಬನು ವಿದ್ಯುಜ್ಜ್ವಾಲೆಗೆ ಸಿಕ್ಕಿ ತೀವ್ರವಾಗಿ ಸುಟ್ಟುಕೊಂಡನು. ಯಂತ್ರದ ಕೆಲಸಕ್ಕೆ ಅಡ್ಡಿಯಾದೀತೆಂದು ಫಲಕದ ವಿದ್ಯುತ್ತನ್ನು ನಿಲ್ಲಿಸಿರಲಿಲ್ಲ. ಬೆಂಕಿಯನ್ನು ತಾಳುವ ಉಡುಪೂ ಆತನ ಮೈಮೇಲಿರಲಿಲ್ಲ. ಅಡ್ಡಿಯಾಗಬಾರದೆಂದಿದ್ದ ಆ ಯಂತ್ರವೇ ಬಳಿಕ ತಿಂಗಳುಗಟ್ಟಲೆ ನಿಂತಿತು! ಇಂಧನ ಇಲಾಖೆಯ ತನಿಖೆಯು ಕೇಂದ್ರದವರನ್ನಲ್ಲದೆ ತನ್ನದೇ ಸ್ಥಳೀಯ ಕಚೇರಿಯ ಮೇಲ್ವಿಚಾರಣೆಯನ್ನೂ ಆಕ್ಷೇಪಿಸಿತೆಂಬುದು ಮೆಚ್ಚತಕ್ಕದ್ದೇ. ಆದರೆ ಇಂತಹ ಕೆಲಸಗಳಿಗೆ ಟೆಂಡರು ಕರೆಯುವ ಅಧಿಕಾರಿಗಳು ದರವನ್ನು ವಿಚಾರಿಸುವಾಗಲೇ, ವಿದ್ಯುತ್ತನ್ನು ಎಷ್ಟು ಹೊತ್ತು ಕಡಿದಿಡಬೇಕು, ಅದಕ್ಕೆ ಅಪ್ಪಣೆ ಕೊಡತಕ್ಕವರು ಯಾರು ಎಂಬುದನ್ನು ಕರಾರಿನಲ್ಲಿಯೇ ಏಕೆ ಬರೆಯಿಸಬಾರದು?